ವೀಲ್‌ಚೇರ್ ಬೆನ್ನಿನ ಮೇಲಿನ ಹೆಸರು

ಕಳೆದ ಬೇಸಿಗೆಯ ಒಂದು ಸಂಜೆ ಸದಾಶಿವಣ್ಣ ನಮ್ಮ ಮನೆಗೆ ಬಂದವರು ಚಾ ಕುಡಿಯದೆ ಎದ್ದು ಹೋದರು.

ಇದೆಂಥ ಸುದ್ದಿ ಎಂದು ನಿಮಗನ್ನಿಸಿದರೆ ನಿಮಗೆ ಸದಾಶಿವಣ್ಣ ಗೊತ್ತಿಲ್ಲ. ಕಾಪುವಿನಲ್ಲಿ ಪ್ಲೈವುಡ್ ಅಂಗಡಿ, ಕಾರ್ಕಳದಲ್ಲಿ ಅದರ ಬ್ರಾಂಚು, ಎರಡರ ನಡುವೆ ಓಡಾಡುವ ಒಂದು ಪಿಕಪ್ ಗಾಡಿ, ಜೊತೆಗೆ ನಮ್ಮ ಸೇವಾ ಬಳಗದ ಅಧ್ಯಕ್ಷಗಿರಿ. (ಬಳಗ ಹುಟ್ಟಿದಂದಿನಿಂದ ಅವರೇ ಅಧ್ಯಕ್ಷರು. ಚುನಾವಣೆ ಪ್ರತಿ ವರ್ಷ ತಪ್ಪದೆ ನಡೆಯುತ್ತದೆ. ಅವರೇ ನಡೆಸುತ್ತಾರೆ.) ಸಾವಿನ ಮನೆಯಲ್ಲೂ ಚಾ ಬೇಡ ಎಂದವರಲ್ಲ. ಅಂಥವರು ಆ ದಿನ ಲೋಟವನ್ನು ಬೆರಳ ತುದಿಯಿಂದ ಅತ್ತ ಸರಿಸಿ, "ಬೇಡ ಮೇಡಂ. ನನಗೆ ಮನಸ್ಸಿಗೆ ತುಂಬ ಬೇಜಾರಾಗಿದೆ" ಎಂದರು.

ಏನಾಗಿತ್ತು? ಅವರ ಹೆಸರಿನ ಮೇಲೆ ಯಾರೋ ಹೂವಿನ ಚಾದರ ಹೊದಿಸಿದ್ದರು.

ಆ 'ಯಾರೋ' ನಮ್ಮ ಮನೆಯ ಮಹಡಿಯಲ್ಲೇ ಬಾಡಿಗೆಗೆ ಇದ್ದರು. ಹಾಗಾಗಿ ದೂರು ನನ್ನ ಬಳಿಗೆ ಬಂದಿತ್ತು. ಬಾಡಿಗೆದಾರರು ಮಾಡಿದ ತಪ್ಪಿಗೆ ಮನೆಯ ಯಜಮಾನಿ ಹೊಣೆ ಎಂಬುದು ನಮ್ಮೂರು ಅಲೆವೂರಿನ ಅಲಿಖಿತ ಕಾನೂನು.

ಮೊದಲು ಈ ಬಾಡಿಗೆದಾರರ ಪರಿಚಯ ಮಾಡಿಕೊಡುತ್ತೇನೆ. ರೆಬೆಕಾ ಟೀಚರ್ ಥಾಣೆಯವರು. ಅಲ್ಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮಗಳು ಮಣಿಪಾಲದಲ್ಲಿ ಡಾಕ್ಟರಿಕೆಯ ಮೇಲಿನ ಓದು ಓದುತ್ತಿದ್ದಾಳೆ. ಮಗಳಿಗೆ ಹಾಸ್ಟೆಲ್ ಊಟ ಸೇರುವುದಿಲ್ಲ ಎಂಬ ನೆಪ ಹಿಡಿದು ತಾಯಿಯೂ ಬಂದರು. (ಮಗಳನ್ನು ಕೇಳಿದರೆ ಹಾಸ್ಟೆಲ್ ಊಟ ಚೆನ್ನಾಗಿಯೇ ಇತ್ತಂತೆ.)

ಬಂದ ವಾರದಲ್ಲೇ ಊರು ಅವರನ್ನು ತನ್ನವರನ್ನಾಗಿ ಮಾಡಿಕೊಂಡಿತು. ಶಿರ್ವದಿಂದ ಊರಮೊಟ್ಟೆ ತಂದು ಕೊಡುವ ಸ್ಟೆಲ್ಲಾ ಬಾಯಿ, ರೆಬೆಕಾ ಎಂಬ ಹೆಸರು ಕೇಳಿದ್ದೇ "ನಿಮ್ಮದು ಯಾವ ಇಗರ್ಜಿ?" ಎಂದು ಚರ್ಚಿನ ಹೆಸರು ಕೇಳಿದರು. ಎದುರುಮನೆಯ ಪೈಗಳು ಗೇಟಿನ ಬೋರ್ಡಿನಲ್ಲಿ ಹೆಸರಿನ ಕೊನೆಗೆ 'ಕರ್' ಇರುವುದನ್ನು ನೋಡಿ, "ಅರೆ, ನಮ್ಮ ಪೈಕಿಯೇ!" ಎಂದು ಕೊಂಕಣಿಯಲ್ಲಿ ಶುರು ಮಾಡಿದರು. ರಸ್ತೆ ತುದಿಯ ಅಂಗಡಿಯ ಬ್ಯಾರಿ ಸಾಹೇಬರು, ಟೀಚರ್ ಹಂದಿಮಾಂಸ ಮುಟ್ಟುವುದಿಲ್ಲವೆಂದು ತಿಳಿದು, "ಹಾಗಾದ್ರೆ ನಿಮಗೂ ನಮಗೂ ಹತ್ತಿರ ಉಂಟು" ಎಂದು ಖರ್ಜೂರದ ಪ್ಯಾಕೆಟ್ ಕೊಟ್ಟರು.

ಟೀಚರ್ ಮೂವರಿಗೂ ನಕ್ಕು, "ನಾನು ಯೆಹೂದಿ" ಎಂದರು. ಹಾಗೆಂದರೆ ಎಂತ ಎಂದು ಮೂವರೂ ನನ್ನನ್ನು ಕೇಳಿದರು. ನಾನು ಗೂಗಲ್ ಕೇಳಿದೆ.

ಕೊಂಕಣ ಕರಾವಳಿಯ ಹಳ್ಳಿಗಳಲ್ಲಿ ಎಷ್ಟೋ ತಲೆಮಾರುಗಳಿಂದ ಇರುವ ಯೆಹೂದಿಗಳ ಪೈಕಿ ಇವರ ಮನೆತನ. ಮನೆಮಾತು ಮರಾಠಿ. ಹಿರಿಯರು ಎಣ್ಣೆ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು 'ಶನಿವಾರದ ಗಾಣಿಗರು' ಎಂದೇ ಕರೆಯುತ್ತಿದ್ದರಂತೆ. ಈಗಲೂ ಟೀಚರ್ ಮನೆಯಲ್ಲಿ ಶುಕ್ರವಾರ ಸೂರ್ಯ ಮುಳುಗುವ ಮುಂಚೆ ದೀಪ. ಶನಿವಾರ ಒಲೆ ಹಚ್ಚುವುದಿಲ್ಲ, ಪರ್ಸ್ ಮುಟ್ಟುವುದಿಲ್ಲ, ಬಸ್ ಹತ್ತುವುದಿಲ್ಲ. ಹೆಂಗಸರಿಗೆ ವಾರದಲ್ಲಿ ಒಂದು ದಿನ ಅಡುಗೆ ಮಾಡಬೇಡ ಎಂದು ಆಜ್ಞೆ ಮಾಡಿದ ದೇವರು! ನಮ್ಮ ದೇವರುಗಳಿಗೆ ಈ ಐಡಿಯಾ ಯಾಕೆ ಹೊಳೆಯಲಿಲ್ಲ?

ಇನ್ನು ಚಾದರದ ವಿಷಯ. ನಮ್ಮ ಮನೆಯ ಪಾತ್ರೆ, ಕಸ, ಅಂಗಳ ನೋಡಿಕೊಳ್ಳುತ್ತಿದ್ದವಳು ಯಲ್ಲವ್ವ. ವಿಜಯಪುರ ಕಡೆಯವಳು. ಗಂಡ ಫಕೀರಪ್ಪ ಮಣಿಪಾಲದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಫ್ಲ್ಯಾಟು ಕಟ್ಟುವಾಗ ಮೇಲಿನಿಂದ ಬಿದ್ದ. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಕಾಂಟ್ರಾಕ್ಟರು ಒಂದೆರಡು ಸಲ ಬಂದು ಹಣ್ಣು ಕೊಟ್ಟು, ಆಮೇಲೆ ಫೋನ್ ನಂಬರ್ ಬದಲಾಯಿಸಿದ.

ನಾನು ಬಳಗದ ಸಭೆಯಲ್ಲಿ ವಿಷಯ ತೆಗೆದೆ. ಸದಾಶಿವಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ. "ವೀಲ್‌ಚೇರ್ ಕೊಡುವ ಮೇಡಂ. ನನ್ನದೇ ಇರಲಿ" ಎಂದರು. ಒಳ್ಳೆಯ ಮನುಷ್ಯ. ಇಲ್ಲಿಗೆ ಮುಗಿದಿದ್ದರೆ ನಾನು ಈ ವಾರದ ಅಂಕಣಕ್ಕೆ ಬೇರೆ ವಿಷಯ ಹುಡುಕಬೇಕಿತ್ತು.

ಆದರೆ ನಮ್ಮಲ್ಲಿ ವೀಲ್‌ಚೇರ್ ಅಂಗಡಿಯಿಂದ ನೇರ ಮನೆಗೆ ಹೋಗುವುದುಂಟೇ? ವೇದಿಕೆಯ ಮೂಲಕವೇ ಹೋಗಬೇಕು. ಕಾಪುವಿನಲ್ಲಿ ಹಾಲ್ ಬುಕ್ ಆಯಿತು. ಬ್ಯಾನರ್ ಬಂತು. ಬ್ಯಾನರಿನಲ್ಲಿ ಬಳಗದ ಎಲ್ಲರ ಫೋಟೊ ಹಿಡಿಸುವಂತೆ ಡಿಸೈನ್ ಮಾಡಿದ ಹುಡುಗಿಗೆ ಫಕೀರಪ್ಪನ ಹೆಸರು ಹಾಕಲು ಜಾಗ ಸಿಗಲಿಲ್ಲ. 'ಫಲಾನುಭವಿ' ಎಂದಷ್ಟೇ ಬರೆದಳು. ನಿರೂಪಣೆ ನನ್ನದು. (ಪತ್ರಿಕೆಗೆ ಬರೆಯುವವರಿಗೆ ಮೈಕ್ ಕೊಟ್ಟರೆ ಚೆನ್ನಾಗಿ ಮಾತಾಡುತ್ತಾರೆ ಎಂಬ ತಪ್ಪು ಕಲ್ಪನೆ ಬಳಗಕ್ಕಿದೆ.)

ಮುಖ್ಯ ಅತಿಥಿಗಳು ಬಹಳ ತಡವಾಗಿ ಬಂದರು. ಅಷ್ಟು ಹೊತ್ತೂ ಫಕೀರಪ್ಪನನ್ನು ವೇದಿಕೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. ಅವನ ಎದುರಿಗೇ ವೀಲ್‌ಚೇರ್ ಇತ್ತು, ಖಾಲಿ. ಅದರಲ್ಲೇ ಕೂತರೆ ಆರಾಮ ಎಂದು ಯಲ್ಲವ್ವ ಕೇಳಿದಾಗ ಒಬ್ಬ ಸದಸ್ಯರು ಹೌಹಾರಿದರು. "ಏ, ಇನ್ನೂ ಉದ್ಘಾಟನೆ ಆಗ್ಲಿಲ್ಲ ಮಾರಾಯ್ತಿ!"

ಕೊನೆಗೂ ಅತಿಥಿಗಳು ಬಂದು ರಿಬ್ಬನ್ ಕತ್ತರಿಸಿದರು. ಒಂದು ವೀಲ್‌ಚೇರನ್ನು ಎಷ್ಟು ಜನ ಹಿಡಿದುಕೊಳ್ಳಬಹುದು? ವೇದಿಕೆಯ ಮೇಲಿದ್ದವರೆಲ್ಲ ಹಿಡಿದುಕೊಂಡರು. ಮರುದಿನ ಪೇಪರಿನಲ್ಲಿ ಬಂದ ಫೋಟೊದಲ್ಲಿ ಎಲ್ಲರೂ ಸ್ಪಷ್ಟವಾಗಿ ಕಂಡರು. ಫಕೀರಪ್ಪನ ಒಂದು ಮೊಣಕೈ ಕಂಡಿತು.

ಆ ವೀಲ್‌ಚೇರಿನ ಬೆನ್ನಿಗೆ, ರೆಕ್ಸಿನ್ ಪೂರ್ತಿ ಮುಚ್ಚುವಂತೆ, ಒಂದು ಬೋರ್ಡು. ಹಳದಿ ಹಿನ್ನೆಲೆ, ಕೆಂಪು ಅಕ್ಷರ. ಮೇಲೆ 'ಕೊಡುಗೆ'. ಅದರ ಕೆಳಗೆ ಸದಾಶಿವಣ್ಣನ ನಗುವ ಫೋಟೊ, ಅಂಗಡಿಯ ಹೆಸರು, ಎರಡೂ ಊರಿನ ಫೋನ್ ನಂಬರು. ತುದಿಯಲ್ಲಿ 'ಎಲ್ಲ ಬಗೆಯ ಪ್ಲೈವುಡ್ ಮತ್ತು ಲ್ಯಾಮಿನೇಟ್ ದೊರೆಯುತ್ತದೆ'.

ಇದಾಗಿ ಕೆಲವು ವಾರ ಕಳೆದಿತ್ತು. ಒಂದು ಬೆಳಿಗ್ಗೆ ರೆಬೆಕಾ ಟೀಚರ್ ಮಹಡಿಯಿಂದ ಇಳಿದು ಬಂದರು. ಅವರಿಗೂ ಯಲ್ಲವ್ವನಿಗೂ ಚೆನ್ನಾಗಿ ಕೂಡಿಬಂದಿತ್ತು. ಯಲ್ಲವ್ವ ಹಿಂದೆ ಕಬ್ಬು ಕಡಿಯಲು ಕೊಲ್ಹಾಪುರ ಕಡೆ ಹೋಗುತ್ತಿದ್ದವಳು, ಮರಾಠಿ ಬರುತ್ತಿತ್ತು. ಅನ್ನ ತಿನ್ನುವವರ ಊರಿನಲ್ಲಿ ರೊಟ್ಟಿ ತಿನ್ನುವ ಇಬ್ಬರು ಹೆಂಗಸರು ಸಿಕ್ಕರೆ ಏನಾಗುತ್ತದೆ? ನಮ್ಮ ಹಿಂಬದಿಯ ಒಗೆಯುವ ಕಲ್ಲಿನ ಬಳಿ ದಿನವೂ ಒಂದು ಮರಾಠಿ ಸಮ್ಮೇಳನ ನಡೆಯುತ್ತಿತ್ತು.

"ಫಕೀರಪ್ಪ ಮನೆಯಿಂದ ಹೊರಗೇ ಬರುತ್ತಿಲ್ಲವಂತೆ, ನಿಮಗೆ ಗೊತ್ತಾ?" ಎಂದರು ಟೀಚರ್. (ಅವರು ಮಾತಾಡುವುದು ಹಿಂದಿ, ಇಂಗ್ಲಿಷ್ ಮತ್ತು ಬಸ್ಸಿನ ಬೋರ್ಡು ಓದಿ ಕಲಿತ ಕನ್ನಡದ ಕಲಸುಮೇಲೋಗರ. ನಾನಿಲ್ಲಿ ಕೊಡುತ್ತಿರುವುದು ಸೋಸಿದ್ದು.)

"ವೀಲ್‌ಚೇರ್ ಉಂಟಲ್ಲ?" ಎಂದೆ.

"ಅದಕ್ಕೇ ಬರುತ್ತಿಲ್ಲವಂತೆ."

ನಾವಿಬ್ಬರೂ ಆಟೊ ಹಿಡಿದು ಮಣಿಪಾಲಕ್ಕೆ ಹೋದೆವು. ಶೀಟು ಹೊದಿಸಿದ ಸಾಲುಮನೆ. ವೀಲ್‌ಚೇರ್ ಗೋಡೆಗೆ ಮುಖ ಮಾಡಿ ನಿಂತಿತ್ತು. ಅದರ ಮೇಲೆ ಮಡಚಿದ ಬಟ್ಟೆ, ಹಿಟ್ಟಿನ ಡಬ್ಬ. ಫಕೀರಪ್ಪ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ.

"ಹೊರಗೆ ಯಾಕೆ ಹೋಗುವುದಿಲ್ಲ ನೀನು?" ಎಂದು ಕೇಳಿದೆ.

ಅವನು ವೀಲ್‌ಚೇರಿನ ಬೆನ್ನಿನತ್ತ ನೋಡಿದ. "ಒಂದಿನ ಹೋಗಿದ್ನಿರಿ ಬಾಯಾರ. ಮಂದಿ ನನ್ ಮಾರಿ ನೋಡ್ಲೇ ಇಲ್ರಿ. ಬೆನ್ನ ಓದ್ತಾರ. ಒಬ್ಬಾಂವ ಗಾಡಿ ನಿಂದ್ರಿಸಿ ಬಂದು ಪ್ಲೈವುಡ್ ರೇಟ್ ಎಷ್ಟಂತ ಕೇಳ್ದ."

ನನಗೆ ನಗು ಬಂತು. ಅವನಿಗೆ ಬರಲಿಲ್ಲ.

"ನನ್ ಕಾಲ್ ಹೋಗ್ಯಾವ, ಖರೆ. ಆದ್ರ ನಾ ಇನ್ನಾ ಮನಶ್ಯಾ ಅದೀನ್ರಿ. ಬೋರ್ಡ್ ಆಗಿಲ್ಲ" ಎಂದ. ಹಾಗೆಂದು ಗೋಡೆಯ ಕಡೆ ತಿರುಗಿದ. ಬಾಗಿಲಲ್ಲಿ ನಿಂತಿದ್ದ ಯಲ್ಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹೊರಡುವ ಮುಂಚೆ ಟೀಚರ್ ವೀಲ್‌ಚೇರಿನ ಬೆನ್ನನ್ನು ಗೇಣು ಹಾಕಿ ಅಳೆದರು. ಮಧ್ಯಾಹ್ನ ಮಹಡಿಯಿಂದ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಸಂಜೆಗೆ ಅವರ ಹಳೆಯ ಹಾಸಿಗೆ ಚಾದರವೊಂದು ವೀಲ್‌ಚೇರಿನ ಬೆನ್ನಿಗೆ ಅಂಗಿಯಾಗಿ ತಯಾರಾಗಿತ್ತು. ನೀಲಿ ಬಣ್ಣ, ಬಿಳಿ ಹೂವು. ಕೆಳಗೆ ಕಟ್ಟಲು ಲಾಡಿ.

ಅದನ್ನು ತೊಡಿಸಿದ ಮರುದಿನವೇ ಫಕೀರಪ್ಪ ಹೊರಗೆ ಬಂದ. ಅಷ್ಟೇ ಅಲ್ಲ, ಗಡ್ಡ ತೆಗೆಸಿಕೊಂಡು ಬಂದ. ಬಸ್‌ಸ್ಟ್ಯಾಂಡಿನ ಹತ್ತಿರ ಹಳೆಯ ಜೊತೆಗಾರರೊಂದಿಗೆ ಹರಟೆ ಹೊಡೆಯುತ್ತಿದ್ದವನನ್ನು ಪಿಕಪ್‌ನಲ್ಲಿ ಹೋಗುತ್ತಿದ್ದ ಸದಾಶಿವಣ್ಣ ನೋಡಿದರು. ಖುಷಿಯಾಯಿತು. ಗಾಡಿ ನಿಲ್ಲಿಸಿ ಹಿಂದೆ ಬಂದು ನೋಡಿದರು. ಬೋರ್ಡು ಇರಬೇಕಾದಲ್ಲಿ ಹೂವು! ಯಾರು ಹೊಲಿದದ್ದು ಎಂದು ಫಕೀರಪ್ಪನನ್ನೇ ಕೇಳಿ ತಿಳಿದುಕೊಂಡರು.

ಹೀಗೆ ಅವರು ನಮ್ಮ ಮನೆಗೆ ಬಂದದ್ದು, ಚಾ ಬೇಡ ಎಂದದ್ದು.

"ನನಗೆ ಹೆಸರು ಬೇಕು ಅಂತಲ್ಲ ಮೇಡಂ" ಎಂದರು. ನಮ್ಮಲ್ಲಿ ಹೆಸರಿನ ಬಗ್ಗೆ ಮಾತಾಡುವವರೆಲ್ಲ ಹೀಗೇ ಶುರು ಮಾಡುತ್ತಾರೆ. "ಅದನ್ನು ನೋಡಿ ನಾಲ್ಕು ಜನ ಪ್ರೇರಣೆ ತಗೊಳ್ಳಿ ಅಂತ. ಈಗ ನೋಡಿ, ಹೂವಿನ ಚಾದರ ನೋಡಿ ಯಾರಿಗೆ ಎಂತ ಪ್ರೇರಣೆ ಆಗ್ತದೆ ಹೇಳಿ."

ಅಷ್ಟರಲ್ಲಿ ಟೀಚರ್ ಒಣಗಿದ ಬಟ್ಟೆಯ ರಾಶಿ ಹೊತ್ತು ಇಳಿದು ಬಂದರು. ಯಾವ ಪೀಠಿಕೆಯೂ ಇಲ್ಲದೆ, "ಚಾದರ ಹೊಲಿದದ್ದು ನಾನು" ಎಂದು ಎದುರಿನ ಕುರ್ಚಿಯಲ್ಲಿ ಕೂತರು.

ಸದಾಶಿವಣ್ಣ ಹೆಂಗಸರೊಂದಿಗೆ ಜಗಳ ಮಾಡುವವರಲ್ಲ. "ಅಲ್ಲ ಟೀಚರ್, ದಾನ ಕೊಟ್ಟದ್ದಕ್ಕೆ ಒಂದು ಗುರುತು ಬೇಡ್ವಾ?" ಎಂದರು ಮೆತ್ತಗೆ.

"ನಮ್ಮಲ್ಲಿ ದಾನ ಎನ್ನುವುದಕ್ಕೆ ಸರಿಯಾದ ಶಬ್ದವೇ ಇಲ್ಲ" ಎಂದರು ಟೀಚರ್. "ತ್ಸೆದಾಕಾ ಅಂತ ಹೇಳುತ್ತೇವೆ. ಆ ಶಬ್ದ ಹುಟ್ಟಿದ್ದು ನ್ಯಾಯ ಎಂಬುದರಿಂದ. ನನ್ನ ಕೈಯಲ್ಲಿರುವುದರಲ್ಲಿ ಒಂದು ಭಾಗ ನನ್ನದಲ್ಲ, ಇನ್ನೊಬ್ಬರದ್ದು. ದೇವರು ನನ್ನ ಹತ್ತಿರ ಇಟ್ಟು ಹೋಗಿದ್ದಾನೆ, ಅಷ್ಟೆ. ಅದನ್ನು ತಲುಪಿಸುವುದು ಕೆಲಸ, ದೊಡ್ಡತನ ಅಲ್ಲ. ಪೋಸ್ಟ್‌ಮ್ಯಾನ್ ಕಾಗದ ತಲುಪಿಸಿ, ಲಕೋಟೆ ಮೇಲೆ ತನ್ನ ಫೋಟೊ ಅಂಟಿಸುತ್ತಾನಾ?"

ಸದಾಶಿವಣ್ಣ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

"ಹಾಗಾದ್ರೆ ನಿಮ್ಮಲ್ಲಿ ಯಾರೂ ಹೆಸರು ಹಾಕುದೇ ಇಲ್ವಾ?"

"ಹಾಕುತ್ತಾರೆ. ಕಲ್ಲಿನಲ್ಲೇ ಕೆತ್ತಿಸುತ್ತಾರೆ. ಮನುಷ್ಯರಲ್ಲವಾ?" ಟೀಚರ್ ನಕ್ಕರು. "ಆದರೆ ಗೋಡೆಗೆ ಹಾಕಿಸುತ್ತಾರೆ. ಮನುಷ್ಯರ ಬೆನ್ನಿಗೆ ಅಲ್ಲ. ತಗೊಳ್ಳುವವರಿಗೆ ನಾಲ್ಕು ಜನರ ಎದುರು ನಾಚಿಕೆ ಆಗುವುದಾದರೆ ಕೊಡದಿರುವುದೇ ವಾಸಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು."

ಅಂಗಳದ ನಲ್ಲಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಯಲ್ಲವ್ವನಿಗೆ ಎಷ್ಟು ಅರ್ಥವಾಯಿತೋ. ಕೈ ಒರೆಸಿಕೊಂಡು ಬಾಗಿಲ ಬಳಿ ಬಂದಳು. ಅವಳಿಗೆ ತನ್ನಿಂದಾಗಿ ದೊಡ್ಡವರ ನಡುವೆ ಜಗಳವಾಗುತ್ತಿದೆ ಎಂಬ ಗಾಬರಿ.

"ಸಾವ್ಕಾರ್ರಿಗೆ ಏನೂ ಅನಬ್ಯಾಡ್ರಿ ಬಾಯಾರ" ಎಂದಳು ಟೀಚರಿಗೆ. "ನಮ್ಮ ಮನಿಯವ್ರು ಬಿದ್ದಾಗ ಇವ್ರ ಇರಲಿಲ್ಲಂದ್ರ ನಾ ಇವತ್ತ ಬಳಿ ಇಟ್ಕೊಂಡು ನಿಂದ್ರತಿದ್ದಿಲ್ರಿ."

ಇದು ನನಗೆ ಹೊಸ ಸುದ್ದಿ. ಬಿಡಿಸಿ ಕೇಳಿದೆ. ಫಕೀರಪ್ಪ ಬಿದ್ದ ಹೊತ್ತಿಗೆ ಸದಾಶಿವಣ್ಣ ಅದೇ ಕಟ್ಟಡಕ್ಕೆ ಪ್ಲೈವುಡ್ ಇಳಿಸಲು ಬಂದಿದ್ದರಂತೆ. ಆಂಬುಲೆನ್ಸ್ ಬರಲಿ, ಪೊಲೀಸ್ ಬರಲಿ ಎಂದು ಉಳಿದವರು ನೋಡುತ್ತ ನಿಂತಾಗ ಇವರು ಅರ್ಧ ಇಳಿಸಿದ ಮಾಲನ್ನು ರಸ್ತೆ ಬದಿ ಎಸೆದು, ಪಿಕಪ್ಪಿನ ಹಿಂದೆ ಒಂದು ಪ್ಲೈವುಡ್ ಹಲಗೆ ಹಾಕಿ, ಬೆನ್ನು ಅಲುಗದಂತೆ ಅವನನ್ನು ಮಲಗಿಸಿ, ಡ್ರೈವರ್ ಕೈಗೆ ಗಾಡಿ ಕೊಟ್ಟು ತಾವು ಹಿಂದೆ ಅವನ ತಲೆ ಹಿಡಿದು ಕೂತು ಆಸ್ಪತ್ರೆಗೆ ಹೋದರಂತೆ. ಅಲ್ಲಿ ಸಂಬಂಧಿಕರು ಯಾರು ಎಂದು ಕೇಳಿದಾಗ "ನಾನೇ" ಎಂದು ಸಹಿ ಹಾಕಿದರಂತೆ. ಯಲ್ಲವ್ವ ತಲುಪುವವರೆಗೂ ಅಲ್ಲೇ ಕೂತಿದ್ದರಂತೆ, ಅಂಗಿಯ ತುಂಬ ರಕ್ತ ಮಾಡಿಕೊಂಡು.

ಬಳಗದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅವರು ಹಲಸಿನ ಹಪ್ಪಳ ಹಂಚಿದ್ದರ ಫೋಟೊ ಕೂಡ ಉಂಟು. ಇದರ ಬಗ್ಗೆ ಒಂದು ಅಕ್ಷರ ಇಲ್ಲ.

"ಇದನ್ನು ಯಾಕೆ ಯಾರಿಗೂ ಹೇಳಲಿಲ್ಲ ನೀವು?" ಎಂದೆ.

ಸದಾಶಿವಣ್ಣನಿಗೆ ನಿಜಕ್ಕೂ ಪ್ರಶ್ನೆ ಅರ್ಥವಾಗಲಿಲ್ಲ. "ಅದನ್ನೆಂತ ಹೇಳುದು ಮೇಡಂ? ಅದು ದಾನವಾ ಧರ್ಮವಾ? ಬಿದ್ದವನನ್ನು ಬಿಟ್ಟು ಬರ್ಲಿಕ್ಕೆ ಆಗ್ತದಾ? ಮಾಡ್ಲೇಬೇಕಲ್ಲ ಅದು!"

ಟೀಚರ್ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಅದೇ!" ಎಂದರು. "ಮಾಡಲೇಬೇಕಲ್ಲ. ಇಷ್ಟು ಹೊತ್ತು ನಾನು ಹೇಳುತ್ತಿದ್ದದ್ದು ಅದನ್ನೇ. ತ್ಸೆದಾಕಾ ಎಂದರೆ ಅದೇ. ನೀವು ಅದನ್ನು ಆಗಲೇ ಮಾಡಿ ಮುಗಿಸಿದ್ದೀರಿ. ಈ ಕುರ್ಚಿ, ಬೋರ್ಡು ಎಲ್ಲ ಆಮೇಲಿನದ್ದು."

ಯಾರಾದರೂ ಖುಷಿಪಡಬೇಕಾದ ಮಾತು. ಸದಾಶಿವಣ್ಣನ ಮುಖ ಇನ್ನಷ್ಟು ಇಳಿಯಿತು. ಹೊಗಳಿಕೆ ಬಂದದ್ದೇನೋ ನಿಜ, ತಪ್ಪು ಐಟಮ್ಮಿಗೆ ಬಂತು. ದುಡ್ಡು ಹಾಕಿ, ಹಾಲ್ ಹಿಡಿದು, ಬೋರ್ಡು ಬರೆಸಿದ್ದು ಲೆಕ್ಕಕ್ಕೆ ಬರಲಿಲ್ಲ. ಬಿಟ್ಟಿಯಾಗಿ ಮಾಡಿದ್ದಕ್ಕೆ ಪದಕ!

ಎದ್ದು ನಿಂತು ಕೊನೆಯ ಬಾಣ ಬಿಟ್ಟರು. "ಸರಿ ಟೀಚರ್. ನಾನು ಬೋರ್ಡಾದ್ರೂ ಹಾಕಿ ಒಂದು ಕುರ್ಚಿ ಕೊಟ್ಟೆ. ನೀವು ಇವರಿಗೆ ಎಂತ ಕೊಟ್ರಿ? ಒಂದು ಹಳೇ ಚಾದರ, ಅಲ್ವಾ?"

ಪಿಕಪ್ ಹೊರಟುಹೋಯಿತು. ಟೀಚರ್ ಬಹಳ ಹೊತ್ತು ಬಟ್ಟೆ ಮಡಚಿದರು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದರು.

"ಅವರು ಕೇಳಿದ್ದು ನ್ಯಾಯವೇ" ಎಂದರು.

ಮರುದಿನ ಬೆಳಿಗ್ಗೆ ಮಹಡಿಗೆ ಕಬ್ಬಿಣದ ದೊಡ್ಡ ಹಂಚು ಬಂತು. ಆಮೇಲೆ ಒಂದು ಗ್ಯಾಸ್ ಒಲೆ. ಉಡುಪಿಯಿಂದ ಜೋಳದ ಹಿಟ್ಟಿನ ಮೂಟೆ. ಯಲ್ಲವ್ವನನ್ನು ಕರೆದು ಟೀಚರ್ ಹೇಳಿದ್ದು ಇಷ್ಟು: ನಾವಿಬ್ಬರೂ ಪಾಲುದಾರರು. ಹಂಚು, ಒಲೆ, ಹಿಟ್ಟು ನನ್ನದು. ಕೈ ನಿನ್ನದು. ಮಣಿಪಾಲದಲ್ಲಿ ರೊಟ್ಟಿಗೆ ಬಾಯಿ ಬಿಡುತ್ತಿರುವ ಉತ್ತರ ಕರ್ನಾಟಕದ ಮಕ್ಕಳು ಹಾಸ್ಟೆಲ್ ತುಂಬ ಇದ್ದಾರೆ, ನನ್ನ ಮಗಳ ಜೊತೆಗೇ ಓದುತ್ತಿದ್ದಾರೆ. ಫಕೀರಪ್ಪ ಸಂಜೆ ಕೂತು ಮಾರಲಿ. ನನ್ನ ಪಾಲಿಗೆ ಶುಕ್ರವಾರದ ಊಟಕ್ಕೆ ರೊಟ್ಟಿ ಕೊಡು, ಸಾಕು.

ಯಲ್ಲವ್ವ ಮೊದಲು ನಂಬಲಿಲ್ಲ. ಪುಕ್ಕಟೆ ಕೊಡುವವರನ್ನು ಅವಳು ನೋಡಿದ್ದಳು, ಸಾಲ ಕೊಟ್ಟು ಹಿಂಡುವವರನ್ನೂ ನೋಡಿದ್ದಳು. ಜೊತೆಗೆ ನಿಲ್ಲುತ್ತೇನೆ ಎಂದವರನ್ನು ನೋಡಿರಲಿಲ್ಲ. "ಲುಕ್ಸಾನ್ ಆದ್ರ?" ಎಂದು ಕೇಳಿದಳು.

"ಇಬ್ಬರಿಗೂ ಆಗುತ್ತದೆ" ಎಂದರು ಟೀಚರ್. ಆ ಮಾತಿಗೆ ಅವಳು ಒಪ್ಪಿದಳು.

ಅಂದಿನಿಂದ, ಶನಿವಾರ ಒಂದು ಬಿಟ್ಟು, ನಮ್ಮ ತಲೆಯ ಮೇಲೆ ಬೆಳಗಿನಿಂದ ರೊಟ್ಟಿ ಬಡಿಯುವ ಸದ್ದು. ಮಹಡಿಯಲ್ಲಿ ಯಾರೋ ಬಿಡದೆ ಚಪ್ಪಾಳೆ ತಟ್ಟುತ್ತಿರುವಂತೆ. (ನನ್ನ ಅಂಕಣಕ್ಕೆ ಅಷ್ಟು ಚಪ್ಪಾಳೆ ಎಂದೂ ಬಿದ್ದಿಲ್ಲ.) ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿಯ ವಾಸನೆ ಮೆಟ್ಟಿಲಿಳಿದು ನಮ್ಮ ಕುಚ್ಚಲಕ್ಕಿ ಗಂಜಿಯನ್ನು ಅಣಕಿಸತೊಡಗಿತು.

ಊರು ಸುಮ್ಮನಿರುತ್ತದೆಯೇ? ಬಳಗದ ಸಭೆಯಲ್ಲಿ ವಿಷಯ ಬಂತು. "ಪಾಪದವರಿಂದ ಪಾಲು ತಗೊಳ್ಳುದಾ? ನಾವು ಹಾಗೆ ಮಾಡುದುಂಟಾ?" ಎಂದರು ಒಬ್ಬರು. "ಶುಕ್ರವಾರ ಶುಕ್ರವಾರ ಬಡವರ ರೊಟ್ಟಿ ಇಸ್ಕೊಂಡು ತಿಂತಾರಂತೆ" ಎಂದರು ಇನ್ನೊಬ್ಬರು. ಸುಮ್ಮನೆ ಕೊಟ್ಟುಬಿಟ್ಟರೆ ಪುಣ್ಯ ಬರುತ್ತಿತ್ತಲ್ಲ, ಇವರಿಗೆ ಅಷ್ಟೂ ಗೊತ್ತಾಗುವುದಿಲ್ಲವೇ ಎಂದು ಎಲ್ಲರೂ ಮರುಗಿದರು.

ನನಗೂ ಕುತೂಹಲ. ಟೀಚರನ್ನು ಕೇಳಿದೆ. ಅವರು ಮಹಡಿಯ ಕಟ್ಟೆಗೆ ಒರಗಿ ಕೆಳಗಿನ ಗದ್ದೆ ನೋಡುತ್ತಿದ್ದರು.

"ಕೊಡುವುದರಲ್ಲೂ ಮೆಟ್ಟಿಲುಗಳಿವೆ" ಎಂದರು. "ಗೊಣಗುತ್ತ ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಯಾರು ಕೊಟ್ಟರು, ಯಾರು ತಗೊಂಡರು ಎಂದು ಇಬ್ಬರಿಗೂ ಗೊತ್ತಾಗದಂತೆ ಕೊಡುವುದು ತುಂಬ ಮೇಲಿನದು. ಅದಕ್ಕಿಂತಲೂ ಮೇಲಿನದು ಇನ್ನೊಂದುಂಟು. ಜೊತೆಗೆ ವ್ಯಾಪಾರ ಮಾಡುವುದು, ಕೆಲಸ ಹಿಡಿಸುವುದು. ಅವರು ಇನ್ನೊಮ್ಮೆ ಯಾರ ಮುಂದೆಯೂ ಕೈ ಚಾಚದಂತೆ ಮಾಡುವುದು. ಅವಳ ರೊಟ್ಟಿ ನಾನು ತಗೊಳ್ಳದಿದ್ದರೆ ಅವಳು ಬಡವಿಯಾಗಿಯೇ ಉಳಿಯುತ್ತಾಳೆ. ತಗೊಂಡರೆ ಪಾಲುದಾರಳು."

ಆಮೇಲೆ ಗದ್ದೆಯತ್ತ ಕೈ ತೋರಿಸಿದರು. ಹಿಂದಿನ ಕಾಲದಲ್ಲಿ ಅವರ ಜನ ಪೈರು ಕೊಯ್ಯುವಾಗ ಹೊಲದ ಮೂಲೆಗಳನ್ನು ಕೊಯ್ಯದೆ ಬಿಡಬೇಕಿತ್ತಂತೆ. ಇಲ್ಲದವರು ತಾವೇ ಬಂದು ಕೊಯ್ದುಕೊಂಡು ಹೋಗುತ್ತಿದ್ದರಂತೆ. ಯಜಮಾನ ಎದುರು ನಿಂತು ಎತ್ತಿ ಕೊಡುವಂತಿಲ್ಲ. "ಕೊಡುವುದಲ್ಲ, ಬಿಡುವುದು" ಎಂದರು.

ನಮ್ಮ ಬಳಗದವರಾದರೆ ಆ ಮೂಲೆಗೊಂದು ಫ್ಲೆಕ್ಸ್ ನಿಲ್ಲಿಸುತ್ತಿದ್ದರು ಎಂದು ನಾನು ಹೇಳಲಿಲ್ಲ.

ಒಂದು ಶುಕ್ರವಾರ ಸಂಜೆ ನಾನು ಮಹಡಿಯಲ್ಲಿದ್ದೆ. ಯಲ್ಲವ್ವ ಟೀಚರ ಪಾಲಿನ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಳು. ದೀಪ ಹಚ್ಚುವ ಮುಂಚೆ ಟೀಚರ್ ಅಡುಗೆಮನೆಯ ಗೋಡೆಗೆ ನೇತುಹಾಕಿದ ಒಂದು ತಗಡಿನ ಡಬ್ಬಿಗೆ ನಾಣ್ಯ ಹಾಕಿದರು. ಮಗಳೂ ಹಾಕಿದಳು. ಪ್ರತಿ ವಾರ ಹಾಗೆ ಮಾಡುತ್ತಾರೆ. ಡಬ್ಬಿ ತುಂಬಿದರೆ ಥಾಣೆಗೆ ಕಳಿಸುತ್ತಾರೆ. ಅಲ್ಲಿಂದ ಯಾರಿಗೆ ಹೋಗುತ್ತದೆ ಎಂದು ಇವರು ಕೇಳುವುದಿಲ್ಲ, ಅವರು ಹೇಳುವುದಿಲ್ಲ. (ಇದನ್ನು ಕೇಳಿ ಬಳಗದ ಖಜಾಂಚಿಗಳು ಬೆಚ್ಚಿಬಿದ್ದಿದ್ದರು. "ರಸೀದಿಯೂ ಇಲ್ವಾ? ಇನ್‌ಕಮ್ ಟ್ಯಾಕ್ಸಿಗೆ ಎಂತ ತೋರಿಸುದು?")

ಯಲ್ಲವ್ವ ನೋಡುತ್ತ ನಿಂತಿದ್ದಳು. "ಅದರಾಗ ನಿಮ್ಮ ಮಂದಿ ಅಷ್ಟ ಹಾಕಬೇಕೇನ್ರಿ?" ಎಂದಳು.

"ಯಾರು ಬೇಕಾದರೂ ಹಾಕಬಹುದು."

ಅವಳು ಸೊಂಟದ ಸಂಚಿ ಬಿಚ್ಚಿದಳು. ನಾನು ಸುಮ್ಮನಿರಬೇಕಿತ್ತು. ಬಾಯಿ ತಡೆಯಲಿಲ್ಲ. "ನೀನ್ಯಾಕೆ ಯಲ್ಲವ್ವ? ನಿನಗೇ ಕಷ್ಟ ಉಂಟಲ್ಲ" ಎಂದುಬಿಟ್ಟೆ.

ಟೀಚರ್ ಕೈ ಎತ್ತಿ ನನ್ನನ್ನು ತಡೆದರು. "ತಗೊಂಡವರೂ ಕೊಡಬೇಕು. ನಮ್ಮಲ್ಲಿ ಅದು ನಿಯಮ. ಕೊಡುವ ಸಂತೋಷ ಇದ್ದವರಿಗೆ ಮಾತ್ರ ಮೀಸಲು ಎಂದು ಯಾರು ಹೇಳಿದ್ದು? ಅವಳ ಕೈ ಹಿಡಿಯುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ."

ಯಲ್ಲವ್ವ ನಾಣ್ಯವನ್ನು ಒಮ್ಮೆ ಕಣ್ಣಿಗೊತ್ತಿಕೊಂಡು ಡಬ್ಬಿಯೊಳಗೆ ಬಿಟ್ಟಳು. ಒಳಗೆ ಬಿದ್ದ ಸದ್ದು ಕೇಳಿ ಅವಳ ಮುಖ ಅರಳಿತು. ಕಾಪುವಿನ ವೇದಿಕೆಯಲ್ಲಿ ಹೂಹಾರ, ಶಾಲು, ಫೋಟೊ ಎಲ್ಲ ಇದ್ದರೂ ಈ ಮುಖ ನಾನು ಕಂಡಿರಲಿಲ್ಲ. "ಯಾರಿಗರೆ ಮುಟ್ಲಿ ಬಿಡ್ರಿ" ಎಂದಳು. ಅಷ್ಟೇ. ಭಾಷಣ ಮಾಡಲಿಲ್ಲ. ಮಣಿಪಾಲದಲ್ಲಿ ಫಕೀರಪ್ಪ ಕಾಯುತ್ತಿದ್ದಾನೆಂದು ಹೊರಟುಹೋದಳು.

ಕೊಟ್ಟವಳಿಗೇ ನೆಮ್ಮದಿಯಾಗುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ದೇವರು, ಧರ್ಮ, ಪರಲೋಕ ಎಲ್ಲ ನನ್ನ ತಲೆಗೆ ಸರಿಯಾಗಿ ಹತ್ತುವುದಿಲ್ಲ. ಆದರೆ ಆ ಸಂಜೆ ಆ ಸಣ್ಣ ಅಡುಗೆಮನೆಯಲ್ಲಿ ಯಾರೂ ಯಾರಿಗಿಂತ ಮೇಲೆ ಇರಲಿಲ್ಲ. ಎರಡು ದೀಪ ಉರಿಯುತ್ತಿದ್ದವು. ರೊಟ್ಟಿ ಬಿಸಿ ಇತ್ತು.

ರೊಟ್ಟಿ ವ್ಯಾಪಾರ ಈಗ ಚೆನ್ನಾಗಿ ನಡೆಯುತ್ತಿದೆ. ಮಹಡಿ ಸಾಲದಾಗಿ ಮಣಿಪಾಲದಲ್ಲೇ ಒಂದು ಕೋಣೆ ಹಿಡಿದಿದ್ದಾರೆ. ಊರಿನಿಂದ ಯಲ್ಲವ್ವನ ತಂಗಿಯೂ ಬಂದಿದ್ದಾಳೆ. ಫಕೀರಪ್ಪ ಗಿರಾಕಿಗಳ ಜೊತೆ ಜಗಳ ಮಾಡುವಷ್ಟು ಗಟ್ಟಿಯಾಗಿದ್ದಾನೆ. ಎಲ್ಲರಿಗೂ ಒಳ್ಳೆಯದಾಯಿತು. ಇದರಲ್ಲಿ ನನಗಾದ ನಷ್ಟವನ್ನು ಮಾತ್ರ ಯಾವ ಧರ್ಮದವರೂ ಗಮನಿಸಲಿಲ್ಲ. ಯಲ್ಲವ್ವ ನಮ್ಮ ಮನೆಯ ಕೆಲಸ ಬಿಟ್ಟಳು. ಈಗ ಪಾತ್ರೆ ನಾನೇ ತೊಳೆಯುತ್ತೇನೆ. ಬಡವರ ಉದ್ಧಾರ ಆಗಬೇಕು ಎಂದು ಎಷ್ಟೋ ಅಂಕಣಗಳಲ್ಲಿ ಬರೆದಿದ್ದೆ. ನಮ್ಮ ಮನೆಯವಳಿಂದಲೇ ಶುರುವಾಗಲಿ ಎಂದು ಬರೆದಿರಲಿಲ್ಲ.

ಮೊನ್ನೆ ಭಾನುವಾರ ಸದಾಶಿವಣ್ಣನ ಫೋನ್ ಬಂತು. ಬೇಸಿಗೆಯ ಬೇಜಾರು ಮಳೆಯಲ್ಲಿ ತೊಳೆದುಹೋಗಿತ್ತು.

"ಮೇಡಂ, ಈ ಸಲದ ದಾನದ ಕಾರ್ಯಕ್ರಮ ಕಾರ್ಕಳದಲ್ಲಿ. ಹಾಲ್ ಬುಕ್ ಆಯ್ತು. ಅತಿಥಿಗಳು ಒಪ್ಪಿದ್ದಾರೆ. ಊಟಕ್ಕೆ ಯಲ್ಲವ್ವನ ರೊಟ್ಟಿಗೆ ಹೇಳಿದ್ದೇನೆ. ಡಿಸ್ಕೌಂಟ್ ಕೇಳಿದೆ, ಕೊಡ್ಲಿಲ್ಲ ಅವಳು! ಬ್ಯಾನರ್ ಪ್ರಿಂಟಿಗೆ ಹೋಗಿದೆ. ಒಂದೇ ತೊಂದ್ರೆ. ಜನ ಸಿಗ್ತಾ ಇಲ್ಲ."

"ಕೇಳಲಿಕ್ಕೆ ಬರುವವರಾ?"

"ಅಲ್ಲ ಮಾರಾಯ್ರೆ, ತಗೊಳ್ಳುವವರು! ಅಜೆಕಾರು ಕಡೆ ಒಬ್ಬರನ್ನು ಹುಡುಕಿದ್ದೆ. ಮನೆಗೆ ತಂದು ಕೊಟ್ರೆ ಆಗಬಹುದು, ಸ್ಟೇಜಿಗೆ ಬರುವುದಿಲ್ಲ ಅಂತ ಹೇಳಿಬಿಟ್ರು. ಹಾಲಿಗೆ ಅಡ್ವಾನ್ಸ್ ಕೊಟ್ಟಾಗಿದೆ. ನಿಮಗೆ ಓದುಗರು ತುಂಬ ಜನ ಉಂಟಲ್ಲ, ಸ್ವಲ್ಪ ಕೇಳಿ ನೋಡಿ."

ಕೇಳಿದ್ದೇನೆ. ವೇದಿಕೆ ಹತ್ತಿ ತೋರಿಸುವಷ್ಟು ಬಡವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?